ಬಾಗಿಲು ಹಾಕಿದ ತಾಂಡೇಲ

ಅಳಿವೆಯ ಬಾಯನ್ನು ನೋಡದೆ ಮಾಸ್ತಣ್ಣ ಬೆಳಗಿನ ಚಾ ಕುಡಿಯುವುದಿಲ್ಲ. ಮಳೆ ಇರಲಿ, ಜ್ವರ ಇರಲಿ, ಮನೆಯಲ್ಲಿ ನೆಂಟರಿರಲಿ, ಎದ್ದು ಮುಖ ತೊಳೆದವನೇ ಹೆಗಲ ಮೇಲೊಂದು ಪಂಚೆ ಹಾಕಿಕೊಂಡು ಹೊಳೆಯ ದಂಡೆಗುಂಟ ನಡೆಯುತ್ತಾನೆ. ಹೊಳೆ ಸಮುದ್ರ ಸೇರುವಲ್ಲಿ ನೀರಿನ ಅಡಿಗೆ ಮರಳಿನ ದಿಬ್ಬವಿದೆ. ಅದರ ಮೇಲೆ ತೆರೆ ಹೇಗೆ ಒಡೆಯುತ್ತದೆ ಎಂದು ನೋಡಿಯೇ ದೋಣಿಯವರು ದಾಟಬೇಕೋ ಕಾಯಬೇಕೋ ಎಂದು ತೀರ್ಮಾನಿಸುವುದು. ಮಾಸ್ತಣ್ಣ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಗಾಳಿಗೆ ಮುಖ ಕೊಡುತ್ತಾನೆ. ಆಮೇಲೆ ಬಾಯಿಬಿಟ್ಟು ಒಂದೇ ಒಂದು ಮಾತು ಹೇಳುತ್ತಾನೆ. ಒಂದೋ "ಅಡ್ಡಿಲ್ಲ", ಇಲ್ಲವೇ "ಬ್ಯಾಡ". ಹೇಳಿ ಹಿಂತಿರುಗಿ ಬಂದು ಚಾ ಕೇಳುತ್ತಾನೆ.

ಆ ಮಾತನ್ನು ಈಗ ಯಾರೂ ಕೇಳಿಸಿಕೊಳ್ಳುವುದಿಲ್ಲ. ಒಂದು ಕಾಲಕ್ಕೆ ಅವನು 'ಅಡ್ಡಿಲ್ಲ' ಎಂದರೆ ನಮ್ಮ ಕೇರಿಯ ದೋಣಿಗಳೆಲ್ಲ ಹೊರಡುತ್ತಿದ್ದವು. ಭಟ್ಕಳದಿಂದ ಹೊನ್ನಾವರದವರೆಗೆ ಮಾಸ್ತಿ ಮೊಗೇರ ಎಂದರೆ ಒಳ್ಳೆಯ ತಾಂಡೇಲ ಎಂದು ಗೊತ್ತಿತ್ತು. ದೋಣಿಯಲ್ಲಿ ಎಷ್ಟು ಜನರಿದ್ದರೂ ಅದನ್ನು ನಡೆಸುವವನು, ಎಲ್ಲರ ಜೀವಕ್ಕೆ ಉತ್ತರ ಹೇಳುವವನು ತಾಂಡೇಲ. ನೂಲ ಹುಣ್ಣಿಮೆಯ ದಿನ ಕೇರಿಯವರೆಲ್ಲ ಸೇರಿ ಸಮುದ್ರಕ್ಕೆ ಹಾಲು ಎರೆದು ಪೂಜೆ ಮಾಡುವಾಗ ಮೊದಲ ತೆಂಗಿನಕಾಯಿಯನ್ನು ನೀರಿಗೆ ಬಿಡುವ ಹಕ್ಕು ಹಿರಿಯ ತಾಂಡೇಲನದು. ಆ ಕಾಯಿ ಬಿಟ್ಟ ಮೇಲೆಯೇ ಹೊಸ ವರ್ಷದ ಮೀನುಗಾರಿಕೆ. ವರ್ಷ ವರ್ಷವೂ ಅದನ್ನು ಮಾಸ್ತಣ್ಣನ ಕೈಗೇ ಕೊಡುತ್ತಿದ್ದರು. ನಮ್ಮ ಕೇರಿಯ ಸೋಮ ನೀರಿನಲ್ಲಿ ಸತ್ತ ವರ್ಷ ಕೊಡಲಿಲ್ಲ. ಆಮೇಲೂ ಕೊಡಲಿಲ್ಲ. ಪೂಜೆಯ ದಿನ ಅವನು ಎಲ್ಲರ ಹಿಂದೆ, ಹೆಂಗಸರ ಸಾಲಿಗಿಂತಲೂ ಹಿಂದೆ, ಬಲೆ ಒಣಗಿಸುವ ಕಂಬದ ಹತ್ತಿರ ನಿಂತಿರುತ್ತಾನೆ.

ನಡೆದದ್ದು ಇಷ್ಟು. ಸೋಮನ ಸಣ್ಣ ದೋಣಿಯ ಇಂಜಿನ್ ಸಮುದ್ರದಲ್ಲಿ ಕೆಟ್ಟಿತ್ತು. ಅದರಲ್ಲಿ ಸೋಮ ಮತ್ತು ಅವನ ಜೊತೆಗಾರ ಮಂಜ. ಮಾಸ್ತಣ್ಣ ತಾನು ನಡೆಸುತ್ತಿದ್ದ ದೊಡ್ಡ ದೋಣಿಯ ಹಿಂದಕ್ಕೆ ಹಗ್ಗದಿಂದ ಅದನ್ನು ಕಟ್ಟಿ ಎಳೆದು ತಂದ. ದೋಣಿ ಎಳೆದುಕೊಂಡು ಬರುವಾಗ ಅಳಿವೆಯ ಹೊರಗೇ ನಿಂತು, ನೀರು ಏರುವ ಹೊತ್ತು, ಅಂದರೆ ಭರತ, ನೋಡಿ ಒಳಗೆ ಬರಬೇಕು ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಕ್ರಮ. ಅವನು ಕಾಯಲಿಲ್ಲ. ನೀರು ಇಳಿಯುತ್ತಿದ್ದಾಗಲೇ ದಾಟಿಸಿದ. ದಿಬ್ಬದ ಮೇಲೆ ತೆರೆ ಎದ್ದು ಸೋಮನ ದೋಣಿ ಅಡ್ಡ ತಿರುಗಿತು. ಅದರ ಭಾರಕ್ಕೆ ದೊಡ್ಡ ದೋಣಿಯ ಹಿಂಭಾಗ ನೀರೊಳಗೆ ಇಳಿಯತೊಡಗಿತು. ಮಾಸ್ತಣ್ಣ ಬಲೆ ಕೊಯ್ಯುವ ಕತ್ತಿ ತೆಗೆದು ಹಗ್ಗ ಕಡಿದ. ಅವನ ದೋಣಿಯಲ್ಲಿದ್ದವರೆಲ್ಲ ಉಳಿದರು. ಮಂಜ ಈಜಿ ದಂಡೆ ಸೇರಿದ. ಸೋಮ ಬಲೆಗೆ ಸಿಕ್ಕಿಕೊಂಡ.

ದಂಡೆಯಲ್ಲಿ ನಡುಗುತ್ತ ಕುಳಿತ ಮಂಜನೇ, "ಹಗ್ಗ ಕಡಿದ್ರು" ಎಂದು ಎಲ್ಲರಿಗೂ ಹೇಳಿದ್ದು. ಮಾಸ್ತಣ್ಣ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಉಳಿದವರು ಅವನಿಗೆ ಕೈ ಮುಗಿಯಲಿಲ್ಲ, ಸತ್ತವನ ಕಡೆಯವರು ಬಯ್ಯಲೂ ಇಲ್ಲ. ಆ ವಿಷಯ ಎತ್ತುವುದನ್ನೇ ಎಲ್ಲರೂ ಬಿಟ್ಟುಬಿಟ್ಟರು. ಕಾಯಿ ಬೇರೆಯವರ ಕೈಗೆ ಹೋಯಿತು, ಅಷ್ಟೇ. ಮಂಜ ಕುಮಟೆಯ ಆಚೆ ತದಡಿಗೆ ಹೋಗಿ ಅಲ್ಲಿಯ ದೋಣಿ ಸೇರಿದ. ಮಾಸ್ತಣ್ಣ ಮತ್ತೆ ದೋಣಿ ಹತ್ತಲಿಲ್ಲ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಮಾತ್ರ. ಮಧ್ಯಾಹ್ನದ ಮೇಲೆ ನಾನು ಮಲ್ಲಿಗೆ ಮೊಗ್ಗಿನ ಬುಟ್ಟಿ ಹಿಡಿದುಕೊಂಡು ಅವರ ಜಗಲಿಗೆ ಹೋಗುತ್ತೇನೆ. ಮಾಸ್ತಣ್ಣನ ಹೆಂಡತಿ ದುರ್ಗಮ್ಮನೂ ನಾನೂ ಎದುರುಬದುರು ಕುಳಿತು ಬಾಳೆನಾರಿನಲ್ಲಿ ಹೂ ಕಟ್ಟುತ್ತೇವೆ. ಜಗಲಿಯಿಂದ ಒಳಗಿನ ಟಿ.ವಿ. ಕಾಣುತ್ತದೆ. ಹಿಂದೆಲ್ಲ ಆ ಹೊತ್ತಿಗೆ ದುರ್ಗಮ್ಮ ನೋಡುವ ಅತ್ತೆ–ಸೊಸೆಯರ ಧಾರಾವಾಹಿ ನಡೆಯುತ್ತಿತ್ತು. ಕಳೆದ ಚಳಿಗಾಲದಲ್ಲಿ ಒಂದು ದಿನ ಅವರ ಮಗಳು ಪವಿತ್ರಾ ರಜೆಯೆಂದು ಮನೆಯಲ್ಲಿದ್ದಳು. ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳು ಚಾನೆಲ್ ತಿರುಗಿಸುತ್ತ ತಿರುಗಿಸುತ್ತ ಒಂದು ಕಡೆ ನಿಲ್ಲಿಸಿದಳು. ಕಪ್ಪು ಆಕಾಶದಲ್ಲಿ ತುಕ್ಕು ಹಿಡಿದ ಒಂದು ದೊಡ್ಡ ಹಡಗು. ಕನ್ನಡಕ್ಕೆ ಡಬ್ ಮಾಡಿದ ಪರದೇಶದ ಧಾರಾವಾಹಿ. ಹೆಸರು 'ತೀರವಿಲ್ಲ'.

"ಎಂತದೇ ಇದು, ರಾಕೆಟ್ಟಾ?" ಎಂದು ದುರ್ಗಮ್ಮ ಕೇಳಿದಳು.

"ಹಡಗು. ಭೂಮಿ ಬಿಟ್ಟು ಹೊಂಟಿದ್ದು. ತಿರುಗಿ ಬರೂಕೆ ಆಗೂದಿಲ್ಲ. ಮುಂದೆ ಎಲ್ಲಿಗೆ ಹೋಗ್ತದೆ ಹೇಳಿ ಯಾರಿಗೂ ಗೊತ್ತಿಲ್ಲ."

"ಹಾಂಗಾದ್ರೆ ಹೊಂಟದ್ದು ಎಂತಕ್ಕೆ?"

ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ ಮಾಸ್ತಣ್ಣ, "ಇರ್ಲಿ, ತೆಗೀಬ್ಯಾಡ" ಎಂದ.

ಆ ದಿನದಿಂದ ಆ ಹೊತ್ತು ಅವನದಾಯಿತು. ದುರ್ಗಮ್ಮ ಮೊದಮೊದಲು ಗೊಣಗಿದಳು. "ಮನೆ ತುಂಬ ಕತ್ತಲೆ ಮಾಡಿ ಇಡ್ತ್ರು. ಒಂದು ಮದ್ವೆ ಇಲ್ಲ, ಒಂದು ಹಬ್ಬ ಇಲ್ಲ. ಬರೇ ಜಗಳ" ಎನ್ನುವಳು. ಅವಳು ಹೇಳಿದ್ದು ಸುಳ್ಳಲ್ಲ. ನನ್ನ ಮಕ್ಕಳು ಸಣ್ಣವರಿದ್ದಾಗ ನಾನೂ ಆಕಾಶದ ಧಾರಾವಾಹಿಗಳನ್ನು ಅವರ ಜೊತೆ ಅಷ್ಟಿಷ್ಟು ನೋಡಿದವಳೇ. ಅವುಗಳಲ್ಲಿ ವಾರಕ್ಕೊಂದು ಹೊಸ ಲೋಕ, ಬಣ್ಣ ಬಣ್ಣದ ಮೈಯ ವೈರಿಗಳು, ಕೊನೆಗೆ ಎಲ್ಲರೂ ನಕ್ಕು ಮುಂದಿನ ಊರಿಗೆ ಹೊರಡುವುದು. ಇದು ಹಾಗಿರಲಿಲ್ಲ. ಇದರಲ್ಲಿ ವೈರಿ ಹೊರಗಿನಿಂದ ಬರಲೇ ಇಲ್ಲ. ಹಡಗು ಹಳೆಯದು. ನೀರು ಕಡಿಮೆ, ಉಸಿರಾಡುವ ಗಾಳಿ ಅದಕ್ಕಿಂತ ಕಡಿಮೆ. ಅದಕ್ಕಾಗಿ ಒಳಗಿನವರೇ ಕಚ್ಚಾಡುತ್ತಿದ್ದರು. ಮೇಲಿನ ಅಂತಸ್ತಿನ ಸಿಪಾಯಿಗಳು ಒಂದು ಪಕ್ಷ, ಹಿಂಬದಿಯಲ್ಲಿ ಇಂಜಿನ್ ನೋಡುವ ಕೂಲಿಗಳು ಇನ್ನೊಂದು ಪಕ್ಷ. ಇವತ್ತು ಒಳ್ಳೆಯವನಂತೆ ಕಂಡವನು ನಾಳೆ ಪಕ್ಕದವನ ನೀರು ಕದಿಯುವನು. ಯಾರ ಮೇಲೂ ಪೂರಾ ಸಿಟ್ಟು ಮಾಡಲಾಗುತ್ತಿರಲಿಲ್ಲ, ಯಾರನ್ನೂ ಪೂರಾ ಮೆಚ್ಚಲೂ ಆಗುತ್ತಿರಲಿಲ್ಲ.

ಬಂದರದಲ್ಲಿ ಮೀನಿಗೆ ಹಾಕುವ ಬರ್ಫದ ಗಾಡಿ ನೋಡಿಕೊಳ್ಳುವ ನರೇಶ ಒಮ್ಮೆ ದಾರಿಯಲ್ಲಿ ಹೋಗುವಾಗ ಇಣುಕಿ ನೋಡಿ, "ಮಾಸ್ತಣ್ಣ, ಆಕಾಶದಲ್ಲಿ ಬಂಗಡೆ ಸಿಗ್ತದ್ಯಾ? ನಮ್ಮ ಕಡೆಯಂತೂ ಇಲ್ಲ" ಎಂದ.

"ಸಿಗೂದಿಲ್ಲ. ಆದ್ರೂ ನಿನ್ನಂಥವ್ರು ಇದ್ರು, ಬರ್ಫ ಮಾರೂಕೆ" ಎಂದ ಮಾಸ್ತಣ್ಣ. ದುರ್ಗಮ್ಮ ನಕ್ಕಳು. ಅವನು ಯಾರಿಗಾದರೂ ತಿರುಗಿ ಮಾತು ಕೊಟ್ಟದ್ದನ್ನು ಕೇಳದೆ ಬಹಳ ಕಾಲವಾಗಿತ್ತು.

ನಾನು ಒಂದು ದಿನ ಕೇಳಿದೆ, "ಇದ್ರಲ್ಲಿ ನಿಮ್ಗೆ ಎಂತ ಹಿಡ್ಸಿತು ಮಾಸ್ತಣ್ಣ?"

ಅವನು ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ. "ಬೇರೆದ್ರಲ್ಲಿ ಮುಖ ನೋಡಿದ ಕೂಡ್ಲೆ ಗೊತ್ತಾಗ್ತದೆ, ಇವ ಕೆಟ್ಟವ, ಇವ ಒಳ್ಳೆಯವ ಹೇಳಿ. ಬಾಜಾ ಬಾರಿಸಿಯೇ ಹೇಳ್ತ್ರು. ಇದ್ರಲ್ಲಿ ಯಾರೂ ಹೇಳೂದಿಲ್ಲ. ಹಡಗಿನ ತಾಂಡೇಲನಿಗೂ ಗೊತ್ತಿಲ್ಲ." ಧಾರಾವಾಹಿಯಲ್ಲಿ ಹಡಗು ನಡೆಸುವವನಿಗೆ ಕ್ಯಾಪ್ಟನ್ ಎಂದು ಹೆಸರು. ಮಾಸ್ತಣ್ಣ ಮಾತ್ರ ಒಮ್ಮೆಯೂ ಹಾಗೆ ಕರೆಯಲಿಲ್ಲ, ತಾಂಡೇಲ ಎಂದೇ ಕರೆದ.

ಸೋಮನ ಹೆಂಡತಿ ಮಂಗಲಾ. ತೌರು ಹಿರೇಗುತ್ತಿ ಕಡೆ. ಗಂಡ ಸತ್ತ ಮೇಲೂ ಇಲ್ಲಿಯೇ ಉಳಿದು ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿಯೇ ಬದುಕಿದವಳು. ಕೇರಿಯ ಎಲ್ಲ ಮನೆಗೂ ಹೋಗುತ್ತಾಳೆ, ಮಾಸ್ತಣ್ಣನ ಮನೆಯೊಂದನ್ನು ಬಿಟ್ಟು. ನಮ್ಮ ಅಂಗಳಕ್ಕೆ ಬಂದರೂ ಬೇಲಿಯ ಕಡೆ ಬೆನ್ನು ಹಾಕಿಯೇ ನಿಲ್ಲುವಳು. ಧಾರಾವಾಹಿ ನಡೆಯುತ್ತಿದ್ದ ಒಂದು ದಿನ ಅವಳು ನನಗೆಂದು ತೆಗೆದಿಟ್ಟ ಮೀನು ಹಿಡಿದು ಬಂದಾಗ ನಾನು ಮಾಸ್ತಣ್ಣನ ಜಗಲಿಯಲ್ಲಿದ್ದೆ. ಬೇಲಿಯ ಹತ್ತಿರ ನಿಂತು ಕೂಗಿದಳು. ನನ್ನ ಮಡಿಲ ತುಂಬ ಮೊಗ್ಗು. ಏನೂ ಯೋಚಿಸದೆ, "ಇಲ್ಲೇ ಬಾರೇ" ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಅವಳು ಬಂದಳು. ಜಗಲಿಯ ಮೆಟ್ಟಿಲ ಹತ್ತಿರ, ತಲೆಯ ಮೇಲಿನ ಬುಟ್ಟಿ ಇಳಿಸದೆ ನಿಂತಳು.

ಒಳಗೆ ಟಿ.ವಿ.ಯಲ್ಲಿ ಹಡಗಿನ ಹಿಂಬದಿಯ ಗೋಡೆ ಒಡೆದಿತ್ತು. ಗಾಳಿ ಹೊರಗೆ ನುಗ್ಗುತ್ತಿತ್ತು. ಅಲ್ಲಿದ್ದ ಕೂಲಿಗಳೆಲ್ಲ ಉದ್ದನೆಯ ಓಣಿಯಲ್ಲಿ ಓಡಿ ಬರುತ್ತಿದ್ದರು. ಓಣಿಯ ಕೊನೆಯಲ್ಲಿ ಒಂದು ಕಬ್ಬಿಣದ ಬಾಗಿಲು. ಅದರ ಪಕ್ಕ ಕ್ಯಾಪ್ಟನ್ ನಿಂತಿದ್ದ. ಮುಂದೆ ಓಡುತ್ತಿದ್ದವರು ಒಳಗೆ ಬಂದರು. ಹಿಂದಿನವರು ಇನ್ನೂ ಬರುತ್ತಿದ್ದಾಗಲೇ ಅವನು ಬಾಗಿಲು ಹಾಕಿದ. ಬಾಗಿಲಿನ ಸಣ್ಣ ಗಾಜಿನ ಆಚೆ ಒಬ್ಬಳು ಹೆಂಗಸು ಕೈಯಿಂದ ಬಡಿಯುತ್ತಿದ್ದಳು. ಸದ್ದು ಕೇಳುತ್ತಿರಲಿಲ್ಲ. ಬಾಯಿ ಮಾತ್ರ ಕಾಣುತ್ತಿತ್ತು. ಅವನು ಮುಖ ತಿರುಗಿಸಲಿಲ್ಲ, ನೋಡುತ್ತಲೇ ನಿಂತ.

ದುರ್ಗಮ್ಮ ಹೂವಿನ ದಂಡೆ ಕೆಳಗೆ ಹಾಕಿ ಟಿ.ವಿ. ಆರಿಸಲು ಎದ್ದಳು. "ಬ್ಯಾಡದಿದ್ದದ್ದೆಲ್ಲ ನೋಡ್ಕಂಡು..." ಎನ್ನುತ್ತಿದ್ದಳು.

"ಇರ್ಲಿ," ಎಂದಳು ಮೆಟ್ಟಿಲ ಹತ್ತಿರ ನಿಂತಿದ್ದ ಮಂಗಲಾ.

ಆ ದಿನದ ಕಂತು ಮುಗಿಯುವವರೆಗೂ ಯಾರೂ ಅಲ್ಲಾಡಲಿಲ್ಲ. ಹೆಸರುಗಳು ಓಡತೊಡಗಿದ ಮೇಲೆ ಮಂಗಲಾ ಕೇಳಿದಳು, "ಈ ಬಾಗ್ಲು ಹಾಕ್ದವ ಮುಂದೆ ಎಂತ ಆಗ್ತ?"

ಯಾರನ್ನು ಕೇಳಿದಳೋ ಹೇಳಲಾಗದು. ಮಾಸ್ತಣ್ಣ ಅವಳ ಕಡೆ ನೋಡದೆ, "ನಾಳೆ ತೋರಿಸ್ತ್ರು" ಎಂದ.

ಸೋಮ ಸತ್ತ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು.

ಮರುದಿನ ಅವಳು ಬಂದಳು. ಬುಟ್ಟಿ ಇಳಿಸಿ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ದುರ್ಗಮ್ಮ ಚಾ ಕೊಟ್ಟರೆ ಬೇಡ ಎಂದಳು, ಒಳಗೆ ಬಾ ಎಂದರೆ ಕೇಳಿಸದವಳಂತೆ ಇದ್ದಳು. ಅದರ ಮರುದಿನವೂ ಬಂದಳು. ಚಳಿ ಕಳೆದು ಸೆಕೆ ಶುರುವಾದರೂ ಅದು ನಡೆಯಿತು. ಮಾಸ್ತಣ್ಣ ಒಳಗೆ ಗೋಡೆಗೆ ಒರಗಿ, ಅವಳು ಹೊರಗೆ ಮೆಟ್ಟಿಲ ಮೇಲೆ, ಇಬ್ಬರೂ ಒಂದೇ ಹಡಗನ್ನು ನೋಡುತ್ತಿದ್ದರು. ಕೇರಿಯಲ್ಲಿ ಮಾತಾಯಿತು. "ಗಂಡನ್ನ ನುಂಗಿದವನ ಮನೇಲಿ ಟಿ.ವಿ. ನೋಡ್ತು" ಎಂದು ನಲ್ಲಿಯ ಹತ್ತಿರ ಆಡಿಕೊಂಡರು. ಮಂಗಲಾ ಅದಕ್ಕೆ, "ನಿಮ್ಮನೇಲಿ ಆ ಚಾನೆಲ್ ಬಂದ್ರೆ ಹೇಳಿ, ಅಲ್ಲಿಗೇ ಬತ್ತೆ" ಎಂದಳಂತೆ.

ಒಂದು ದಿನ ಧಾರಾವಾಹಿ ಮುಗಿದ ಮೇಲೆ ಅವಳು ಅಂಗಳದ ಕಡೆ ನೋಡುತ್ತ, "ಅಷ್ಟು ಬೇಗ ಬಾಗ್ಲು ಹಾಕೂದು ಬ್ಯಾಡಾಗಿತ್ತು" ಎಂದಳು.

"ತಡ ಮಾಡಿದ್ರೆ ಎಲ್ಲರೂ ಹೋಗ್ತಿದ್ರು" ಎಂದ ಮಾಸ್ತಣ್ಣ ಒಳಗಿನಿಂದ.

"ಆ ಲೆಕ್ಕ ಒಳಗೆ ಇದ್ದವನದು. ಹೊರಗೆ ಇದ್ದವ್ರ ಹತ್ರ ಯಾರೂ ಕೇಳಲಿಲ್ಲ."

ನನ್ನ ಕೈಯ ನಾರು ತುಂಡಾಯಿತು. ದೇವರ ಮುಂದೆ ನಿಂತು ಹೇಳಿಕೊಂಡರೆ ಕ್ಷಮೆ ಇದೆ ಎಂದು ನಂಬಿ ದೀಪ ಹಚ್ಚುವವಳು ನಾನು. ಆದರೆ ಆ ಮೆಟ್ಟಿಲಿಗೂ ಆ ಗೋಡೆಗೂ ನಡುವೆ ಕುಳಿತು ಆ ಮಾತು ಆಡಲು ನನಗೆ ಬಾಯಿ ಬರಲಿಲ್ಲ.

ಹಡಗಿನಲ್ಲಿ ಸತ್ತವರ ಕಡೆಯವರು ಬಿಡಲಿಲ್ಲ. ಕ್ಯಾಪ್ಟನ್ ಬಾಗಿಲು ಹಾಕಿದ್ದು ಸರಿಯೋ ತಪ್ಪೋ ಎಂದು ಎಲ್ಲರ ಎದುರಿಗೆ ವಿಚಾರಣೆಯಾಗಬೇಕು ಎಂದು ಹಟ ಹಿಡಿದರು. ಅವನ ಕಡೆಯವನೊಬ್ಬ ಗುಟ್ಟಾಗಿ ಬಂದು, ಬಾಗಿಲಿನ ಯಂತ್ರ ಕೆಟ್ಟು ತಾನಾಗಿ ಮುಚ್ಚಿತು ಎಂದು ಬರೆದುಬಿಡೋಣ, ಹಡಗಿನಲ್ಲಿ ಶಾಂತಿ ಆಗುತ್ತದೆ ಎಂದ. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ದಿನ ದಿನವೂ ವಿಚಾರಣೆ ಹತ್ತಿರ ಬಂತು. ಮಾಸ್ತಣ್ಣ ಆ ವಾರ ಊಟ ಸರಿಯಾಗಿ ಮಾಡಲಿಲ್ಲ ಎಂದು ದುರ್ಗಮ್ಮ ನನ್ನ ಹತ್ತಿರ ಹೇಳಿದಳು. "ಎಂತ ಹೇಳ್ತ ನೋಡ್ಬೇಕು, ಎಂತ ಹೇಳ್ತ ನೋಡ್ಬೇಕು ಹೇಳಿ ಒಬ್ರೇ ಹೇಳ್ಕಂತ್ರು ಮಾರಾಯ್ತಿ. ಮೈಮೇಲೆ ಬಂದವ್ರಂತೆ."

ಶುಕ್ರವಾರದ ಕಂತಿನಲ್ಲಿ ಎಲ್ಲರೂ ಒಂದು ದೊಡ್ಡ ಕೋಣೆಯಲ್ಲಿ ಸೇರಿದರು. ಗಾಜು ಬಡಿದ ಹೆಂಗಸಿನ ತಾಯಿ ಎದ್ದು ನಿಂತು, "ಬಾಗಿಲು ಹಾಕಿದ್ದು ಯಾರು?" ಎಂದು ಕೇಳಿದಳು. ಕ್ಯಾಪ್ಟನ್ ತಲೆ ಎತ್ತಿದ. ಬಾಯಿ ತೆರೆದ. ಅಷ್ಟರಲ್ಲಿ ಪರದೆ ಕಪ್ಪಾಗಿ ಹೆಸರುಗಳು ಬಂದವು.

ಸೋಮವಾರ ಮಂಗಲಾ ಬಂದರದಿಂದ ನೇರ ಬಂದಿದ್ದಳು. ಬುಟ್ಟಿಯಲ್ಲಿ ಮಾರದ ಮೀನು ಹಾಗೆಯೇ ಇತ್ತು. ಟಿ.ವಿ. ಹಾಕಿದರೆ ಬಿಳಿ ಸೀರೆ ಉಟ್ಟ ದೆವ್ವವೊಂದು ಹಳೆಯ ಬಂಗಲೆಯಲ್ಲಿ ಓಡಾಡುತ್ತಿತ್ತು. ಮಾಸ್ತಣ್ಣ ಚಾನೆಲ್ ನಂಬರು ಮತ್ತೆ ಮತ್ತೆ ಒತ್ತಿದ. ದೆವ್ವವೇ ಬಂತು. ಮರುದಿನವೂ ದೆವ್ವ.

ಪವಿತ್ರಾ ಮೊಬೈಲಿನಲ್ಲಿ ಹುಡುಕಿ ಹೇಳಿದಳು. "ಅಪ್ಪ, ಅದು ಮುಗ್ದೇ ಹೋತು. ಅಲ್ಲಿಯವ್ರು ಮುಂದೆ ತೆಗೀಲೇ ಇಲ್ಲ. ಇಷ್ಟೇ ಇದ್ದದ್ದು."

"ವಿಚಾರಣೆ?"

"ಇಲ್ಲ. ಬಹಳ ಕತ್ತಲೆ ಆತು, ಬರೇ ಜಗಳ ಹೇಳಿ ಜನ ನೋಡೂದು ಬಿಟ್ರಂತೆ. ಅರ್ಧಕ್ಕೇ ನಿಲ್ಲಿಸಿದ್ರು."

"ಕತ್ತಲೆ ಆದ್ರೆ ಬಿಟ್ಟು ಹೋಗೂದಾ?" ಎಂದ ಮಾಸ್ತಣ್ಣ. ಮಗಳ ಮೇಲೇ ಸಿಟ್ಟು ಮಾಡಿದವನಂತೆ ರಿಮೋಟನ್ನು ನೆಲಕ್ಕೆ ಇಟ್ಟ. ಮಂಗಲಾ ಬುಟ್ಟಿ ಎತ್ತಿಕೊಂಡು ಹೋದಳು. ದುರ್ಗಮ್ಮನ ಅತ್ತೆ–ಸೊಸೆಯರು ತಿರುಗಿ ಬಂದರು.

ಮಳೆ ಹಿಡಿಯಿತು. ದೋಣಿಗಳೆಲ್ಲ ದಂಡೆ ಹತ್ತಿದವು. ಮಂಗಲಾ ಒಣಮೀನು ಮಾರತೊಡಗಿದಳು. ನಮ್ಮ ಮನೆಗೆ ಬಂದರೂ ಬೇಲಿ ದಾಟುತ್ತಿರಲಿಲ್ಲ. ಹಾಗಿರುವಾಗ ಒಂದು ಮಧ್ಯಾಹ್ನ, ಮಳೆ ಸ್ವಲ್ಪ ಹೊಳವಾದಾಗ, ಅವಳು ನೇರ ಅವರ ಮೆಟ್ಟಿಲಿಗೆ ಬಂದಳು. ಟಿ.ವಿ. ಹಾಕಿರಲಿಲ್ಲ. ಕರೆಂಟೇ ಇರಲಿಲ್ಲ. ಮಾಸ್ತಣ್ಣ ಜಗಲಿಯಲ್ಲಿ ಕುಳಿತು ಹಳೆಯ ಬಲೆಯ ತೂತು ಹೊಲಿಯುತ್ತಿದ್ದ.

ಅವಳು ಕುಳಿತುಕೊಳ್ಳಲಿಲ್ಲ. "ಆ ಬಾಗ್ಲು ಹಾಕ್ದವ ಎಂತ ಹೇಳ್ತಿದ್ನೋ ಗೊತ್ತಾಗೂದಿಲ್ಲ ಇನ್ನು. ನೀವು ಹೇಳಿ" ಎಂದಳು.

ಮಾಸ್ತಣ್ಣ ಬಲೆ ಹೊಲಿಯುವ ಸೂಜಿ ಕೆಳಗಿಟ್ಟ.

"ಹಗ್ಗ ಕಡಿದದ್ದು ಯಾರು?"

"ನಾನು."

"ಭರತದ ನೀರು ಏರೂವರೆಗೆ ಕಾಯಲಿಲ್ಲ ಎಂತಕ್ಕೆ?"

"ದೋಣಿ ಒಡೆಯರು ಫೋನು ಮಾಡಿದ್ರು. ಗಾಡಿ ನಿಂತಿದೆ, ಬರ್ಫ ಕರಗ್ತದೆ, ಬಾ ಅಂದ್ರು. ಬಂದೆ. ಬ್ಯಾಡ ಹೇಳೂದು ನನ್ನ ಕೆಲಸ. ಆ ದಿನ ಹೇಳಲಿಲ್ಲ."

ಮಂಗಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಮಳೆಯ ನೀರೋ ಏನೋ. "ನಮ್ಮನೆಯವ್ರು ಆಗ ಎಂತಾದ್ರೂ ಕೂಗಿದ್ರಾ?"

ದುರ್ಗಮ್ಮ, "ಸಾಕೇ ಮಂಗಲಾ" ಎಂದಳು. ಗಂಡನ ಕಡೆ ತಿರುಗಿ ತಲೆ ಅಲ್ಲಾಡಿಸಿದಳು. ನಾನೂ ಮನಸ್ಸಿನಲ್ಲಿ ಅದನ್ನೇ ಬೇಡಿದೆ. ಇಲ್ಲ ಎಂದುಬಿಡಲಿ, ಗಾಳಿಗೆ ಕೇಳಲಿಲ್ಲ ಎಂದುಬಿಡಲಿ.

"ಕೂಗಿದ" ಎಂದ ಮಾಸ್ತಣ್ಣ. "'ಮಾಸ್ತಣ್ಣ, ಕಡೀಬ್ಯಾಡ' ಹೇಳಿ ಕೂಗಿದ. ನಂಗೆ ಕೇಳ್ತು. ಕೇಳಿದ ಮೇಲೇ ಕಡಿದದ್ದು."

ಮಂಗಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಅವ್ರಿಗೆ ಗೊತ್ತೇ ಆಗಲಿಲ್ಲ, ಒಂದೇ ತೆರೆಗೆ ಹೋದ್ರು ಹೇಳಿ ಇಷ್ಟು ವರ್ಷ ಇದ್ದೆ" ಎಂದಳು. "ಅದೂ ಹೋತು."

ಅವಳು ಮತ್ತೆ ಆ ಮೆಟ್ಟಿಲಿಗೆ ಬರಲಿಲ್ಲ. ನಮ್ಮ ಮನೆಗೂ ಬರುವುದು ಬಿಟ್ಟಳು. ಮುರ್ಡೇಶ್ವರದ ಕಡೆ ಬುಟ್ಟಿ ಹೊರುತ್ತಾಳೆ ಎಂದು ಕೇಳಿದೆ. ನಿಜ ಹೇಳಿದ ಮೇಲೆ ಮನುಷ್ಯ ಹಗುರಾಗುತ್ತಾನೆ ಎನ್ನುತ್ತಾರೆ. ಮಾಸ್ತಣ್ಣ ಹಗುರಾದದ್ದನ್ನು ನಾನಂತೂ ಕಾಣಲಿಲ್ಲ. ಮಳೆಯಲ್ಲಿ ನೆನೆಯುತ್ತ ಅಳಿವೆಗೆ ಹೋಗಿ "ಬ್ಯಾಡ" ಎಂದು ಹೇಳಿ ಬಂದು, ಚಾ ಆರುವವರೆಗೆ ಲೋಟ ನೋಡುತ್ತ ಕುಳಿತಿರುತ್ತಿದ್ದ. ದುರ್ಗಮ್ಮ ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. "ಸುಳ್ಳು ಹೇಳಿದ್ರೆ ಆ ಹುಡ್ಗಿ ರಾತ್ರಿ ನಿದ್ದೆ ಆದ್ರೂ ಮಾಡ್ತಿತ್ತು. ಇವ್ರಿಗೆ ತಾವು ದೊಡ್ಡವರಾಗ್ಬೇಕು" ಎಂದಳು ನನ್ನ ಹತ್ತಿರ. ಅವಳ ಮಾತು ತಪ್ಪು ಎಂದು ಹೇಳಲು ನನ್ನಿಂದಾಗಲಿಲ್ಲ.

ಮಂಗಲಾ ಬಾಯಿ ಮುಚ್ಚಿಕೊಂಡಿರಲಿಲ್ಲ. ತಾನು ಕೇಳಿದ್ದನ್ನು ಬಂದರದ ಹೆಂಗಸರಿಗೆ ಹೇಳಿದ್ದಳು. ಕಡಿದದ್ದನ್ನೂ ಹೇಳಿದಳು, ಫೋನು ಬಂದದ್ದನ್ನೂ ಹೇಳಿದಳು. ನೂಲ ಹುಣ್ಣಿಮೆ ಹತ್ತಿರ ಬಂದಾಗ, ಒಂದು ಬೆಳಿಗ್ಗೆ, ಮಾಸ್ತಣ್ಣ ನಡೆಸುತ್ತಿದ್ದ ಆ ದೊಡ್ಡ ದೋಣಿಯ ಒಡೆಯ ಸುಧಾಕರ ಬೈಕಿನಲ್ಲಿ ಬಂದಿಳಿದ. ಕೇರಿಯ ದೋಣಿಯವರ ಕೂಟಕ್ಕೆ ಈಗ ಅವನೇ ಮುಖ್ಯಸ್ಥ. ಕೈಯಲ್ಲಿ ಜುಟ್ಟಿರುವ, ಅರಿಶಿನ ಹಚ್ಚಿದ ಒಂದು ದೊಡ್ಡ ತೆಂಗಿನಕಾಯಿ. ಪೂಜೆಯ ಹೂವಿಗೆ ಹೇಳಲು ನನ್ನನ್ನೂ ಅಲ್ಲಿಗೇ ಕರೆದಿದ್ದ.

ಮಾಸ್ತಣ್ಣ ಅಳಿವೆಯಿಂದ ಆಗ ತಾನೇ ಬಂದಿದ್ದ. ಪಂಚೆ ಒದ್ದೆ. ಚಾ ಇನ್ನೂ ಬಂದಿರಲಿಲ್ಲ.

ಸುಧಾಕರ ಕಾಯನ್ನು ಜಗಲಿಯ ಕಟ್ಟೆಯ ಮೇಲಿಟ್ಟ. "ಮಾಸ್ತಣ್ಣ, ಈ ವರ್ಷ ಮೊದಲ ಕಾಯಿ ನಿನ್ನ ಕೈಯಿಂದಲೇ ಹೇಳಿ ಎಲ್ಲ ಕೂಡಿ ಮಾತಾಡ್ಕಂಡಿದ್ದೇವೆ. ಇಷ್ಟು ವರ್ಷ ಆದದ್ದು ಆತು."

ದುರ್ಗಮ್ಮ ಚಾದ ಲೋಟ ಹಿಡಿದು ಬಾಗಿಲಲ್ಲಿಯೇ ನಿಂತುಬಿಟ್ಟಳು. ಅವಳ ಮುಖದಲ್ಲಿ ಬಂದ ಕಳೆಯನ್ನು ನಾನು ಪವಿತ್ರಾಳಿಗೆ ಕೆಲಸ ಸಿಕ್ಕ ದಿನವೂ ಕಂಡಿರಲಿಲ್ಲ.

"ಒಂದೇ ಮಾತು," ಎಂದ ಸುಧಾಕರ. "ಪೂಜೆಗೆ ಮೊದ್ಲು ಕೂಟದಲ್ಲಿ ಎಲ್ಲರ ಎದುರಿಗೆ ಹೇಳಿ ಮುಗಿಸ್ಬಿಡೋದು. ಹಗ್ಗ ಹಳೇದಿತ್ತು, ತೆರೆ ಹೊಡೆತಕ್ಕೆ ತುಂಡಾತು. ಮಂಜನ ಹತ್ರ ತದಡಿಗೆ ಹೋಗಿ ಮಾತಾಡಿ ಬಂದೆ. ಆಗ ಗಾಬ್ರಿಲಿ ಸರಿ ಕಾಣಲಿಲ್ಲ ಹೇಳ್ತ ಅವ. ನೀನು ಎಂತ ಹೇಳೂದೂ ಬ್ಯಾಡ. ಸುಮ್ಮನೆ ನಿಂತ್ಕಂಡ್ರೆ ಆತು."

"ಫೋನು?" ಎಂದ ಮಾಸ್ತಣ್ಣ.

"ಹಗ್ಗ ತಾನಾಗಿ ತುಂಡಾದ್ರೆ ಫೋನಿನ ಮಾತು ಎಲ್ಲಿಂದ ಬತ್ತು?" ಸುಧಾಕರ ನಗಲು ನೋಡಿದ. "ನಾನು ನನ್ನ ಸಲುವಾಗಿ ಹೇಳೂದಲ್ಲ. ನಿನ್ನ ಹೆಸರು ನಿಂಗೆ ಬರ್ಲಿ ಹೇಳಿ. ಆ ಮಂಗಲಂಗೂ ಒಳ್ಳೇದೇ. ಗಂಡನ್ನ ಯಾರೂ ಬಿಟ್ಟು ಹೋಗಲಿಲ್ಲ ಹೇಳಿ ಆಗ್ತದೆ."

"ಮಂಗಲಾ ಸುಳ್ಳುಗಾರ್ತಿ ಹೇಳಿ ಆಗ್ತದೆ."

"ಅವಳ ಮಾತು ಯಾರು ಕೇಳ್ತ್ರು ಮಾರಾಯ?"

ದುರ್ಗಮ್ಮ ಹತ್ತಿರ ಬಂದು ಚಾದ ಲೋಟವನ್ನು ಗಂಡನ ಮುಂದೆ ಇಟ್ಟಳು. "ಹೂಂ ಅನ್ನಿ," ಎಂದಳು ಮೆಲ್ಲಗೆ. "ಒಂದು ಸಲ. ನಂಗೋಸ್ಕರ. ನಂಗೆ ಆ ಕಂಬದ ಹತ್ರ ನಿಮ್ಮನ್ನ ನೋಡಿ ಸಾಕಾತು."

ಮಾಸ್ತಣ್ಣ ಹೆಂಡತಿಯ ಮುಖ ನೋಡಿದ. ಆಮೇಲೆ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅದನ್ನು ಹಿಡಿಯುವ ಕ್ರಮ ಅವನ ಕೈ ಮರೆತಿರಲಿಲ್ಲ, ಜುಟ್ಟು ಸಮುದ್ರದ ಕಡೆಗೆ ಬರುವಂತೆಯೇ ಹಿಡಿದ. ದುರ್ಗಮ್ಮ ಉಸಿರು ಬಿಟ್ಟಳು. ಅವನು ಮೆಟ್ಟಿಲು ಇಳಿದು ಹೋಗಿ ಬೈಕಿಗೆ ನೇತು ಹಾಕಿದ್ದ ಚೀಲದೊಳಗೆ ಅದನ್ನು ಇಟ್ಟ.

"ಹಗ್ಗ ಹಳೇದಾಗಿರಲಿಲ್ಲ ಸುಧಾಕರ," ಎಂದ. "ಹೊಸ ಹಗ್ಗ. ಆ ವರ್ಷವೇ ನೀನು ಹೊನ್ನಾವರದಿಂದ ತಂದದ್ದು. ಒಂದೇ ಏಟಿಗೆ ಕಡೀಲಿಲ್ಲ. ಕಡಿಯೂಕೆ ಹೊತ್ತು ಹಿಡೀತು. ಅಷ್ಟೂ ಹೊತ್ತು ಅವ ಕೂಗ್ತಾ ಇದ್ದ."

ಸುಧಾಕರ ಏನೋ ಹೇಳಲು ಬಾಯಿ ತೆರೆದ. ಮಾಸ್ತಣ್ಣ ಆಗಲೇ ಜಗಲಿಗೆ ಹತ್ತಿ ಬಂದು ಚಾದ ಲೋಟ ಕೈಗೆ ತೆಗೆದುಕೊಂಡಿದ್ದ. ಹೊಳೆಯ ಕಡೆ ಮುಖ ಮಾಡಿ, ದಿನಾ ಬೆಳಿಗ್ಗೆ ಅಳಿವೆಯ ಬಾಯಿಗೆ ಹೇಳುವ ಅದೇ ದನಿಯಲ್ಲಿ, "ಬ್ಯಾಡ" ಎಂದ.